ಎದ್ದು ನಿಂತರೆ ಎದೆ ಡವಡವ: ಇದು ಟೆನ್ಶನ್ನೋ, ಹಾರ್ಟ್ ತೊಂದರೆಯೋ, ಪಾಟ್ಸೋ?

ಪ್ರಶ್ನೆ: ನಮ್ಮದು ಕಟಪಾಡಿ. ಮಗಳಿಗೆ 17 ವರ್ಷ, ಉಡುಪಿಯಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್. ಜುಲೈಯಲ್ಲಿ ಡೆಂಗಿ ಆಗಿ ಎರಡು ವಾರ ಮಲಗಿದ್ದಳು. ಜ್ವರ ಬಿಟ್ಟು ಐದು ತಿಂಗಳಾದರೂ ಹುಡುಗಿ ಮೊದಲಿನ ಹಾಗಾಗಲಿಲ್ಲ. ಹಾಸಿಗೆಯಿಂದ ಎದ್ದ ಕೂಡಲೇ ಎದೆ ಡವಡವ ಹೊಡೆದುಕೊಳ್ತದೆ, ಮಂಡೆ ತಿರುಗ್ತದೆ ಅಂತಾಳೆ. ವಾಚಿನಲ್ಲಿ 135 ತೋರಿಸ್ತದೆ. ಪ್ರಾರ್ಥನೆಗೆ ನಿಂತಾಗ ಎರಡು ಸಲ ಕುಸಿದು ಕೂತಿದ್ದಾಳೆ. ಬಸ್ಸಿನಲ್ಲಿ ನಿಂತುಕೊಂಡು ಹೋಗ್ಲಿಕ್ಕೆ ಆಗುದಿಲ್ಲ. ಸ್ನಾನ ಮಾಡಿ ಬಂದರೆ ಪಾದ ನೇರಳೆ ಬಣ್ಣಕ್ಕೆ ತಿರುಗಿರ್ತದೆ. ಓದಿದ್ದು ತಲೆಯಲ್ಲಿ ನಿಲ್ಲುದಿಲ್ಲ ಅಂತ ಅಳ್ತಾಳೆ. ಇಸಿಜಿ, ಥೈರಾಯ್ಡ್ ನಾರ್ಮಲ್. ಹಿಮೋಗ್ಲೋಬಿನ್ 11.2. ಬಿಪಿ 110/70. ಡಾಕ್ಟರು ಪರೀಕ್ಷೆ ಟೆನ್ಶನ್ ಅಂದರು. ನಾದಿನಿ ಹಾರ್ಟ್ ವೀಕ್ ಅಂತಾಳೆ. ಪರಿಚಯದವರೊಬ್ಬರು ಹಾರ್ಟ್‌ಬೀಟ್ ಇಳಿಸುವ ಮಾತ್ರೆ ತಗೊಳ್ಳಿ ಅಂದರು. ಮೊಬೈಲಿನಲ್ಲಿ ನೋಡಿದರೆ ಪಾಟ್ಸ್ ಅಂತ ಬರ್ತದೆ, ಉಪ್ಪು ಜಾಸ್ತಿ ತಿನ್ನಬೇಕಂತೆ. ಅವಳ ಅಪ್ಪನಿಗೆ ಬಿಪಿ, ಮನೆಯಲ್ಲಿ ಉಪ್ಪು ಕಡಿಮೆ ಹಾಕಿಯೇ ಅಡಿಗೆ. ಏನು ಮಾಡುವುದು? ಎಪ್ರಿಲ್‌ನಲ್ಲಿ ಸಿಇಟಿ ಬೇರೆ ಇದೆ.

ಉತ್ತರ: ನೀವು ಬರೆದ ಲಕ್ಷಣಗಳು ಪಾಟ್ಸ್‌ಗೆ ಚೆನ್ನಾಗಿ ಹೊಂದುತ್ತವೆ. ಆದರೆ ಹೊಂದುತ್ತವೆ ಎಂದ ಮಾತ್ರಕ್ಕೆ ಅದೇ ಎಂದು ತೀರ್ಮಾನವಾಗುವುದಿಲ್ಲ. ಒಂದು ಗಡಿಯಾರ, ಒಂದು ಬಿಪಿ ಮೆಷಿನ್ ಇದ್ದರೆ ಸುಮಾರು 20 ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇನ್ನೂ ಆಗಿಲ್ಲ. ಮೊದಲು ಆಗಬೇಕಾದದ್ದು ಅದು. ಉಪ್ಪು, ಮಾತ್ರೆಗಳ ಮಾತು ಆಮೇಲೆ.

ಪಾಟ್ಸ್ ಎಂದರೆ ಪೋಸ್ಚುರಲ್ ಆರ್ಥೋಸ್ಟಾಟಿಕ್ ಟಾಕಿಕಾರ್ಡಿಯಾ ಸಿಂಡ್ರೋಮ್. ಮಲಗಿದ್ದಾಗ ಸರಿಯಾಗಿಯೇ ಇರುವ ಹೃದಯಬಡಿತ ನಿಂತಾಗ ಮಿತಿಮೀರಿ ಏರುತ್ತದೆ, ನಿಂತಷ್ಟು ಹೊತ್ತೂ ಇಳಿಯುವುದಿಲ್ಲ. ಈ ಹೆಸರು ಬಳಕೆಗೆ ಬಂದದ್ದು 1993ರಲ್ಲಿ. ಆದರೆ ಇದನ್ನು ಹೋಲುವ ತೊಂದರೆಯನ್ನು ಅಮೆರಿಕದ ವೈದ್ಯ ಡಾ ಕೋಸ್ಟಾ 1871ರಲ್ಲೇ ಸೈನಿಕರಲ್ಲಿ ವಿವರಿಸಿದ್ದರು. ಹರೆಯದಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಹೆಚ್ಚು. ವೈರಸ್ ಜ್ವರ, ಶಸ್ತ್ರಚಿಕಿತ್ಸೆ, ತಲೆಗೆ ಪೆಟ್ಟು, ಒಮ್ಮೆಲೇ ಉದ್ದ ಬೆಳೆಯುವ ವಯಸ್ಸು, ವಾರಗಟ್ಟಲೆ ಹಾಸಿಗೆ ಹಿಡಿದದ್ದು, ಇಂಥ ಯಾವುದಾದರೊಂದರ ಬೆನ್ನಿಗೆ ಶುರುವಾಗುವುದು ಸಾಮಾನ್ಯ. ಕೋವಿಡ್ ಆದ ಮೇಲೆ ಇಂಥವರ ಸಂಖ್ಯೆ ಏರಿದ್ದರಿಂದ ವೈದ್ಯರಿಗೂ ಈ ಹೆಸರು ಹೆಚ್ಚು ಪರಿಚಯವಾಯಿತು.

ಒಳಗೆ ಆಗುವುದು ಏನೆಂದರೆ, ಯಾರೇ ಆಗಲಿ ಎದ್ದು ನಿಂತಾಗ ಅರ್ಧದಿಂದ ಮುಕ್ಕಾಲು ಲೀಟರ್ ರಕ್ತ ಎದೆಭಾಗದಿಂದ ಹೊಟ್ಟೆಗೆ, ಕಾಲಿಗೆ ಇಳಿಯುತ್ತದೆ. ಆಗ ಕಾಲಿನ, ಹೊಟ್ಟೆಯ ರಕ್ತನಾಳಗಳು ಕ್ಷಣದಲ್ಲಿ ಬಿಗಿದುಕೊಂಡು ರಕ್ತವನ್ನು ಮೇಲೆ ಕಳಿಸಬೇಕು. ಪಾಟ್ಸ್‌ನಲ್ಲಿ ಕೆಲವರಿಗೆ ಈ ಬಿಗಿತ ಸಾಲದು, ಕೆಲವರಿಗೆ ದೇಹದಲ್ಲಿ ರಕ್ತದ ದ್ರವಾಂಶವೇ ಕಡಿಮೆ, ಇನ್ನು ಕೆಲವರಿಗೆ ಅಡ್ರಿನಲಿನ್ ಜಾತಿಯ ರಾಸಾಯನಿಕ ವಿಪರೀತ ಸುರಿಯುತ್ತದೆ. ಒಬ್ಬರಲ್ಲೇ ಎರಡು ಮೂರು ಸೇರಿರುವುದೂ ಉಂಟು. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾದದ್ದರಿಂದ ಅದು ಬೇಗ ಬೇಗ ಬಡಿದು ಸರಿದೂಗಿಸಲು ನೋಡುತ್ತದೆ. ಫುಟ್‌ವಾಲ್ವ್ ಸೋರುವ ಬಾವಿಯ ಪಂಪಿನ ಹಾಗೆ: ಮೋಟರು ಸರಿಯಾಗಿಯೇ ತಿರುಗುತ್ತಿದೆ, ಆದರೆ ಪೈಪಿನಲ್ಲಿ ನೀರು ನಿಲ್ಲುತ್ತಿಲ್ಲ. ಆದ್ದರಿಂದ ಚಿಕಿತ್ಸೆಯ ಗುರಿ ರಕ್ತ ಮೇಲೆ ಮರಳುವಂತೆ ಮಾಡುವುದು. ಬಡಿತದ ಸಂಖ್ಯೆಯನ್ನು ಮಾತ್ರ ಇಳಿಸಿದರೆ ಕೆಲಸ ಅರ್ಧವೇ ಆದಂತೆ. ಪಾದ ನೇರಳೆಯಾಗುವುದು ಅಲ್ಲೇ ತಂಗಿದ ರಕ್ತದಿಂದ. ನೆನಪು ಮಬ್ಬಾಗುವುದು ನಿಂತಾಗ, ಕುಳಿತಾಗ ಮಿದುಳಿಗೆ ಹೋಗುವ ರಕ್ತ ಕುಗ್ಗುವುದರಿಂದ. ಹುಡುಗಿ ಸೋಮಾರಿಯಲ್ಲ.

ಇನ್ನು ಪರೀಕ್ಷೆ. ಬೆಳಿಗ್ಗೆ, ತಿಂಡಿ ಚಹಾಕ್ಕಿಂತ ಮೊದಲು ಮಾಡಿ. 10 ನಿಮಿಷ ಅಂಗಾತ ಮಲಗಿಸಿ, ಮಾತಾಡಿಸಬೇಡಿ. ನಾಡಿ, ಬಿಪಿ ಬರೆದುಕೊಳ್ಳಿ. ಆಮೇಲೆ ಎದ್ದು ಗೋಡೆಗೆ ಬೆನ್ನನ್ನು ಹಗುರವಾಗಿ ತಾಗಿಸಿ ನಿಲ್ಲಲಿ, ಹಿಮ್ಮಡಿ ಗೋಡೆಯಿಂದ ಅರ್ಧ ಅಡಿ ಮುಂದಿರಲಿ. ಕಾಲು ಅಲ್ಲಾಡಿಸಬಾರದು, ಮೊಬೈಲ್ ನೋಡಬಾರದು. 1, 3, 5, 7, 10ನೇ ನಿಮಿಷದಲ್ಲಿ ಮತ್ತೆ ನಾಡಿ, ಬಿಪಿ. ನೀವು ಪಕ್ಕದಲ್ಲೇ ನಿಂತಿರಿ, ಕಣ್ಣು ಕತ್ತಲೆ ಬಂತು ಎಂದರೆ ಅಲ್ಲಿಗೇ ನಿಲ್ಲಿಸಿ ಮಲಗಿಸಿ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಇದ್ದರೆ ನಾಡಿಗೆ ಅದೇ ಸಾಕು, ಆದರೆ ಬೆರಳು ತಣ್ಣಗಿದ್ದರೆ ಅದು ತಪ್ಪು ಹೇಳುತ್ತದೆ.

ಪಾಟ್ಸ್ ಎನ್ನಬೇಕಾದರೆ 12ರಿಂದ 19 ವರ್ಷದವರಲ್ಲಿ ಬಡಿತ ಮಲಗಿದ್ದಾಗಿನದಕ್ಕಿಂತ 40 ಅಥವಾ ಹೆಚ್ಚು ಏರಿ ಹಾಗೆಯೇ ಉಳಿಯಬೇಕು. 19 ದಾಟಿದವರಲ್ಲಿ 30 ಸಾಕು. ಜೊತೆಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಕುಸಿದಿರಬಾರದು. ಲಕ್ಷಣಗಳು ಕನಿಷ್ಠ 3 ತಿಂಗಳಿನಿಂದ ಇರಬೇಕು. ಉದಾಹರಣೆಗೆ, ಮಲಗಿದ್ದಾಗ 72. ನಿಂತ ಮೇಲೆ 104, 112, 116, 118, 121. ಬಿಪಿ 108/70 ಇದ್ದದ್ದು 106/74. ಇದು ಪಾಟ್ಸ್ ಚಿತ್ರ. ಅದೇ ಬಿಪಿ 86ಕ್ಕೆ ಇಳಿದಿದ್ದರೆ ಬೇರೆ ಕಾಯಿಲೆ, ಬೇರೆ ದಾರಿ. ಎದ್ದ ಮೊದಲ ಅರ್ಧ ನಿಮಿಷ ಎಲ್ಲರ ಎದೆಯೂ ಜೋರಾಗಿ ಬಡಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೆಟ್ಟಿಲು ಹತ್ತಿದಾಗ ವಾಚು ತೋರಿಸುವ ಅಂಕಿಯನ್ನೂ ಹಿಡಿಯಬೇಡಿ. ಬೇರೆ ದಿನ ಇನ್ನೊಮ್ಮೆ ಮಾಡಿ, ಎರಡೂ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಫೈಲಿನಲ್ಲಿ ಬಂದ ಹತ್ತು ನಾರ್ಮಲ್ ರಿಪೋರ್ಟುಗಳಿಗಿಂತ ಈ ಹಾಳೆ ಹೆಚ್ಚು ಮಾತಾಡುತ್ತದೆ. ಟಿಲ್ಟ್ ಟೇಬಲ್ ಪರೀಕ್ಷೆ (ಮಲಗಿಸಿದ ಮೇಜನ್ನೇ ಎತ್ತಿ ನಿಲ್ಲಿಸಿ ನಾಡಿ, ಬಿಪಿ ನೋಡುವುದು) ಎಲ್ಲರಿಗೂ ಬೇಕಿಲ್ಲ. ಚಿತ್ರ ಸ್ಪಷ್ಟವಿಲ್ಲದಿದ್ದರೆ, ಮೂರ್ಛೆ ಪದೇಪದೇ ಬಂದರೆ ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳ ಹೃದ್ರೋಗ ಅಥವಾ ನರರೋಗ ವಿಭಾಗದಲ್ಲಿ ವಿಚಾರಿಸಬಹುದು.

ಟೆನ್ಶನ್ ಎಂಬ ಮಾತಿಗೆ ಬರೋಣ. ಆತಂಕದಿಂದ ಎದೆ ಬಡಿಯುವುದು ಕುಳಿತಾಗಲೂ, ಮಲಗಿದಾಗಲೂ ಬರುತ್ತದೆ. ನಿಂತರೆ ಏರಿ, ಮಲಗಿದ ಕೆಲವೇ ನಿಮಿಷದಲ್ಲಿ ಇಳಿಯುವ ಬಡಿತಕ್ಕೆ ಆತಂಕವನ್ನು ದೂರಿ ಪ್ರಯೋಜನವಿಲ್ಲ. ಪಾಟ್ಸ್ ಇರುವ ಮಕ್ಕಳಲ್ಲಿ ಆತಂಕವೂ ಇರಬಹುದು. ದಿನವಿಡೀ ಅಡ್ರಿನಲಿನ್ ಏರಿದ್ದರೆ ಕೈ ನಡುಗುತ್ತದೆ, ಭಯವೂ ಆಗುತ್ತದೆ, ಅದಕ್ಕೆ ಕೌನ್ಸೆಲಿಂಗ್ ಸಹಾಯ ಮಾಡುತ್ತದೆ. ಆದರೆ ಅದು ಮೂಲಕ್ಕೆ ಮದ್ದಲ್ಲ. ಹಾರ್ಟ್ ವೀಕ್ ಎಂಬುದೂ ಸರಿಯಲ್ಲ, ಪಾಟ್ಸ್ ಹೃದಯಾಘಾತಕ್ಕೆ ದಾರಿಯಲ್ಲ, ಜೀವಕ್ಕೆ ಅಪಾಯವಿಲ್ಲ. ಬಿದ್ದು ಪೆಟ್ಟಾಗುವುದೇ ದೊಡ್ಡ ಅಪಾಯ.

ಆದರೂ ಕೆಲವು ಲಕ್ಷಣ ಕಂಡರೆ ಪಾಟ್ಸ್ ಎಂದು ಸುಮ್ಮನಿರಬಾರದು: ಓಡುವಾಗಲೋ ಆಡುವಾಗಲೋ ಮೂರ್ಛೆ, ಮಲಗಿದ್ದಾಗ ಮೂರ್ಛೆ, ಮುನ್ಸೂಚನೆಯೇ ಇಲ್ಲದೆ ದೊಪ್ಪನೆ ಬೀಳುವುದು, ಶ್ರಮಪಟ್ಟಾಗ ಎದೆನೋವು, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು, ತೂಕ ಇಳಿಯುತ್ತಾ ಹೋಗುವುದು, ಕಪ್ಪು ಮಲ. ಇಂಥದ್ದಕ್ಕೆ ಹೃದ್ರೋಗ ತಜ್ಞರು ಅಥವಾ ಫಿಸಿಶಿಯನ್ ಕೂಡಲೇ ನೋಡಬೇಕು. ಎಕೋ (ಹೃದಯದ ಸ್ಕ್ಯಾನ್), 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಬೇಕಾಗಬಹುದು.

ನಿಮ್ಮ ಪತ್ರದಲ್ಲಿ ಕಣ್ಣಿಗೆ ಬಿದ್ದ ಅಂಕಿ 11.2. ಈ ವಯಸ್ಸಿನ ಹುಡುಗಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ಲೆಕ್ಕ. ಇದೊಂದೇ ಇಷ್ಟೆಲ್ಲ ಮಾಡದಿರಬಹುದು, ಆದರೆ ಬಡಿತಕ್ಕೆ ತುಪ್ಪ ಸುರಿಯುತ್ತದೆ. ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು), ಬಿ12, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಮಾಡಿಸಿ. ಸುಸ್ತು, ತೂಕ ಇಳಿಕೆ, ಮೈಬಣ್ಣ ಕಪ್ಪಾಗುವುದು ಇದ್ದರೆ ಬೆಳಗಿನ ಕಾರ್ಟಿಸಾಲ್ ಕೂಡ. ಮುಟ್ಟಿನಲ್ಲಿ ಸ್ರಾವ ಹೆಚ್ಚೇ ಎಂದು ಕೇಳಿ. ಆ ದಿನಗಳ ಸುತ್ತಮುತ್ತ ಪಾಟ್ಸ್ ಲಕ್ಷಣಗಳೂ ಹೆಚ್ಚುತ್ತವೆ. ಕಬ್ಬಿಣದ ಮಾತ್ರೆ ಕೊಟ್ಟರೆ ಚಹಾ ಕಾಫಿಯ ಜೊತೆ ಬೇಡ. ಶೀತಕ್ಕೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಮೂಗು ಕಟ್ಟಿದ್ದನ್ನು ಬಿಡಿಸುವ ಮಾತ್ರೆ, ಎನರ್ಜಿ ಡ್ರಿಂಕ್, ಏಕಾಗ್ರತೆಗೆಂದು ಕೊಡುವ ಕೆಲವು ಮಾತ್ರೆಗಳು ಬಡಿತ ಏರಿಸುತ್ತವೆ, ಅವನ್ನೂ ವೈದ್ಯರಿಗೆ ಹೇಳಿ.

ಈಗ ನೀರು, ಉಪ್ಪು. ಪಾಟ್ಸ್ ಖಚಿತವಾದ ಮೇಲೆ ದಿನಕ್ಕೆ ಎರಡರಿಂದ ಮೂರು ಲೀಟರ್ ದ್ರವ ಬೇಕು. ಎಪ್ರಿಲ್ ಮೇ ತಿಂಗಳ ನಮ್ಮ ಕರಾವಳಿಯ ಬೆವರಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಬರೀ ನೀರು ಕುಡಿದರೆ ಒಂದು ಗಂಟೆಯಲ್ಲಿ ಮೂತ್ರವಾಗಿ ಹೋಗುತ್ತದೆ. ಅದನ್ನು ರಕ್ತನಾಳದಲ್ಲಿ ಹಿಡಿದಿಡುವುದು ಸೋಡಿಯಂ. ಉಪ್ಪಿಲ್ಲದೆ ನಾಲ್ಕೈದು ಲೀಟರ್ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ ಬಂದೀತು. ಆರೋಗ್ಯವಂತರಿಗೆ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಎನ್ನುವುದು ಸರಿ. ಪಾಟ್ಸ್ ಇರುವ ವಯಸ್ಕರಿಗೆ ವೈದ್ಯರು 10 ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೇಳುತ್ತಾರೆ. 17 ವರ್ಷದವಳಿಗೆ ಎಷ್ಟು ಎಂಬುದನ್ನು ತೂಕ, ಬಿಪಿ, ಕಿಡ್ನಿ ನೋಡಿ ನಿಗದಿ ಮಾಡಬೇಕು. ಕಿಡ್ನಿ ತೊಂದರೆ, ಹೃದಯ ವೈಫಲ್ಯ, ಬಿಪಿ ಹೆಚ್ಚಿದ್ದವರಿಗೆ ಈ ದಾರಿ ಇಲ್ಲ. ನಿಂತಾಗ ಬಿಪಿ ಏರುವ ಬಗೆಯ ಪಾಟ್ಸ್ ಇದ್ದರೂ ಎಚ್ಚರ ಬೇಕು.

ಅಪ್ಪನ ಅಡಿಗೆ ಬದಲಿಸಬೇಕಾಗಿಲ್ಲ. ಮನೆಯ ಸಾರು ಪಲ್ಯ ಈಗಿನಂತೆ ಕಡಿಮೆ ಉಪ್ಪಿನಲ್ಲೇ ಇರಲಿ, ಅದರಲ್ಲಿ ಅವಳಿಗೆ 4–5 ಗ್ರಾಂ ಸೇರುತ್ತದೆ. ವೈದ್ಯರು 10 ಗ್ರಾಂ ಎಂದರೆ ಉಳಿದದ್ದನ್ನು ಅವಳಿಗೆ ಪ್ರತ್ಯೇಕ ಕೊಡಿ. ಕಾಲೇಜಿಗೆ ಒಂದು ಲೀಟರ್ ಬಾಟಲಿಯಲ್ಲಿ ಒಆರ್‌ಎಸ್: ಅದರಲ್ಲಿ ಸುಮಾರು 4 ಗ್ರಾಂ ಉಪ್ಪಿನಷ್ಟು ಸೋಡಿಯಂ ಇದೆ. ಬೆಳಿಗ್ಗೆ ಒಂದು ಬಟ್ಟಲು ಕುಚ್ಚಿಲಕ್ಕಿ ಗಂಜಿ, ತಿಳಿ ಬಸಿಯದೆ, ಕಾಲು ಟೀ ಚಮಚ ಉಪ್ಪು ಹಾಕಿ. ಅದು ಒಂದೂವರೆ ಗ್ರಾಂ. ಅಲ್ಲಿಗೆ 10ರ ಹತ್ತಿರ ಬಂತು. ಮಾವಿನ ಮಿಡಿ ಉಪ್ಪಿನಕಾಯಿ, ಉಪ್ಪಡು, ಒಣಮೀನಿನ ಚಟ್ನಿ ತಿಂದ ದಿನ ಗಂಜಿಯ ಉಪ್ಪು ಬಿಡಿ. ಒಆರ್‌ಎಸ್ ಪ್ಯಾಕೆಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರಬೇಕು: ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ (ಉಳಿದ ಸೋಡಿಯಂ ಅದರಲ್ಲಿರುವ ಸಿಟ್ರೇಟಿನಿಂದ). ಇಡೀ ಪ್ಯಾಕೆಟನ್ನು ಒಂದು ಲೀಟರಿಗೆ ಕರಗಿಸಬೇಕು. ಅರ್ಧ ಹಾಕಿ ಉಳಿದದ್ದನ್ನು ಮಡಚಿಡುವುದು, ಒಂದು ಲೋಟ ನೀರಿಗೆ ಪೂರ್ತಿ ಸುರಿಯುವುದು ಎರಡೂ ತಪ್ಪು. 24 ಗಂಟೆ ದಾಟಿದರೆ ಚೆಲ್ಲಿ. ರಟ್ಟಿನ ಡಬ್ಬದ ಸಿಹಿ ಪಾನೀಯ ಒಆರ್‌ಎಸ್ ಅಲ್ಲ.

ನಮ್ಮಲ್ಲಿ ಎಲ್ಲದಕ್ಕೂ ಬೊಂಡ (ಎಳನೀರು). ಕುಡಿಯಲಿ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ, ಹಾಗಾಗಿ ಈ ಕೆಲಸಕ್ಕೆ ಅದು ಸಾಲದು. ಇನ್ನೊಂದು ರೂಢಿ, ಸುಸ್ತಾದಾಗಲೆಲ್ಲ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಹಾಕಿಸುವುದು. ಗ್ಲೂಕೋಸ್ ಡ್ರಿಪ್ಪಿನ ನೀರು ರಕ್ತನಾಳದಲ್ಲಿ ಹೆಚ್ಚು ಉಳಿಯುವುದಿಲ್ಲ. ಸಲೈನ್ ಆದರೆ ಸ್ವಲ್ಪ ಹೊತ್ತು ಹಗುರವೆನಿಸುತ್ತದೆ, ಅಷ್ಟೇ. ವಾಂತಿ ಭೇದಿಯಾದ ದಿನ ಬೇಕಾಗಬಹುದು. ವಾರವಾರದ ಅಭ್ಯಾಸವಾದರೆ ರಕ್ತನಾಳ ಹಾಳು, ಸೋಂಕಿನ ಭಯ ಬೇರೆ.

ದಿನಚರಿಯಲ್ಲಿ ಕೆಲವು ಬದಲಾವಣೆ ದೊಡ್ಡ ಫಲ ಕೊಡುತ್ತವೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ನಾಲ್ಕರಿಂದ ಆರು ಇಂಚು ಎತ್ತರಿಸಿ. ದಿಂಬು ಹೆಚ್ಚಿಸಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಇಡೀ ದೇಹ ಇಳಿಜಾರಾಗಬೇಕು. ಆಗ ರಾತ್ರಿ ಮೂತ್ರದಲ್ಲಿ ಹೋಗುವ ನೀರು, ಉಪ್ಪು ಕಡಿಮೆಯಾಗುತ್ತದೆ. ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಎರಡು ಲೋಟ ನೀರು ಒಟ್ಟಿಗೆ ಕುಡಿದು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಎರಡು ಮೂರು ನಿಮಿಷ ಕುಳಿತು ಆಮೇಲೆ ಏಳಲಿ. ಹಂಡೆಯ ಸುಡುನೀರಿನ ಸ್ನಾನ ನಮ್ಮವರಿಗೆ ಪ್ರಾಣ, ಆದರೆ ಬಿಸಿ ತಾಗಿದ ಚರ್ಮದ ರಕ್ತನಾಳಗಳು ಅಗಲವಾಗಿ ಇರುವ ರಕ್ತವೂ ಅಲ್ಲಿಗೇ ಇಳಿಯುತ್ತದೆ. ಪಾದ ನೇರಳೆಯಾಗುವುದು ಆಗಲೇ. ಉಗುರುಬೆಚ್ಚಗಿನ ನೀರು, ಕುಳಿತು ಸ್ನಾನ, ಬಚ್ಚಲಿನ ಚಿಲಕ ಹಾಕದೆ ಬಾಗಿಲು ಮುಚ್ಚಿಕೊಳ್ಳುವುದು, ಈ ಮೂರನ್ನು ಇಂದೇ ಶುರುಮಾಡಿ. ಮಧ್ಯಾಹ್ನ ಬಟ್ಟಲು ತುಂಬ ಅನ್ನ ಉಂಡರೆ ರಕ್ತವೆಲ್ಲ ಹೊಟ್ಟೆಗೆ ಹೋಗುತ್ತದೆ. ಅದನ್ನೇ ಎರಡು ಪಾಲು ಮಾಡಿ ಎರಡು ಹೊತ್ತಿನಲ್ಲಿ ಉಣ್ಣಲಿ. ಉಪವಾಸ ಸದ್ಯಕ್ಕೆ ಬೇಡ.

ನಿಂತಿರಲೇಬೇಕಾದಾಗ ಕಾಲನ್ನು ಕತ್ತರಿಯಂತೆ ಹಾಕಿ ತೊಡೆ, ಪೃಷ್ಠ ಬಿಗಿಹಿಡಿಯುವುದು, ಮುಷ್ಟಿ ಗಟ್ಟಿಮಾಡುವುದು ಕೆಲವು ನಿಮಿಷಕ್ಕೆ ಕೆಲಸ ಕೊಡುತ್ತದೆ. ಕಣ್ಣು ಕತ್ತಲೆ ಬಂದರೆ ನಾಚಿಕೆಪಡದೆ ಕುಕ್ಕರುಗಾಲಲ್ಲಿ ಕೂರಲಿ ಅಥವಾ ಮಲಗಲಿ.

ಬಿಗಿ ಕಾಲುಚೀಲದ ಬಗ್ಗೆ. ಮೊಣಕಾಲಿನವರೆಗಿನದ್ದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ರಕ್ತ ತಂಗುವುದು ಹೊಟ್ಟೆಯಲ್ಲೂ ತೊಡೆಯಲ್ಲೂ. ಸೊಂಟದವರೆಗಿನದ್ದು, 20ರಿಂದ 30 ಮಿಲಿಮೀಟರ್ ಒತ್ತಡದ್ದು ಒಳ್ಳೆಯದು. ನಮ್ಮ ಸೆಕೆಯಲ್ಲಿ ಅದನ್ನು ದಿನವಿಡೀ ಹಾಕಿಕೊಳ್ಳಲಾಗದೆ ಹೆಚ್ಚಿನವರು ವಾರದಲ್ಲೇ ಬಿಡುತ್ತಾರೆ. ಬದಲಿಗೆ ಬಾಣಂತಿಯರಿಗೆಂದು ಮೆಡಿಕಲಿನಲ್ಲಿ ಸಿಗುವ ಹೊಟ್ಟೆಯ ಬೆಲ್ಟನ್ನು ಕಾಲೇಜಿನ ಹೊತ್ತಿಗೆ ಮಾತ್ರ ಕಟ್ಟಿಕೊಂಡು ನೋಡಿ, ಉಸಿರಿಗೆ ತೊಂದರೆಯಾಗದಷ್ಟು ಬಿಗಿಯಿರಲಿ. ಮಲಗುವಾಗ ತೆಗೆಯಬೇಕು. ಬೆವರು ಕಜ್ಜಿ ಬಂದರೆ ಎರಡು ದಿನ ಬಿಟ್ಟು ಹತ್ತಿಬಟ್ಟೆಯ ಮೇಲೆ ಕಟ್ಟಿ.

ಎಲ್ಲಕ್ಕಿಂತ ದೀರ್ಘ ಕಾಲ ನೆರವಾಗುವುದು ವ್ಯಾಯಾಮ, ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದೂ ಅಲ್ಲೇ. ವಿಶ್ರಾಂತಿ ಎಂದು ಮಲಗಿಸಿದಷ್ಟೂ ರಕ್ತದ ಪ್ರಮಾಣ, ಕಾಲಿನ ಸ್ನಾಯು ಎರಡೂ ಕುಗ್ಗಿ ನಿಂತಾಗಿನ ಬಡಿತ ಇನ್ನೂ ಏರುತ್ತದೆ. ಹಾಗೆಂದು ವಾಕಿಂಗ್, ಜಾಗಿಂಗ್‌ಗೆ ಎಬ್ಬಿಸಿದರೆ ತಲೆ ತಿರುಗಿ ಮರುದಿನದಿಂದ ಬೇಡವೆನ್ನುತ್ತಾಳೆ. ಮೊದಲು ಮಲಗಿ ಅಥವಾ ಒರಗಿ ಮಾಡುವಂಥದ್ದು: ಚಾಪೆಯ ಮೇಲೆ ಮಲಗಿ ಸೊಂಟ ಎತ್ತುವುದು, ನೇರ ಕಾಲು ಎತ್ತುವುದು, ಪಕ್ಕಕ್ಕೆ ಮಲಗಿ ಕಾಲು ಎತ್ತುವುದು, ಒರಗುವ ಸೈಕಲ್ ಅಥವಾ ನೆಲದ ಮೇಲಿಡುವ ಸಣ್ಣ ಪೆಡಲ್, ಈಜು. ಮಂಗಳೂರಿನ ಲೇಡಿಹಿಲ್, ಉಡುಪಿಯ ಅಜ್ಜರಕಾಡಿನ ಈಜುಕೊಳಗಳಲ್ಲಿ ತರಬೇತುದಾರರಿಗೆ ವಿಷಯ ತಿಳಿಸಿ, ಒಬ್ಬಳನ್ನೇ ಬಿಡಬೇಡಿ. ನೀರಿನ ಒತ್ತಡ ಕಾಲುಗಳಿಗೆ ಬಿಗಿಪಟ್ಟಿಯಂತೆ ಕೆಲಸ ಮಾಡುವುದರಿಂದ ಈಜುವಾಗ ಹಾಯೆನಿಸುತ್ತದೆ, ಆದರೆ ಏಣಿ ಹತ್ತಿ ಹೊರಬಂದ ಕೂಡಲೇ ಆ ಒತ್ತಡ ತಪ್ಪಿ ತಲೆ ಸುತ್ತುತ್ತದೆ. ಅಂಚಿನಲ್ಲಿ ಐದು ನಿಮಿಷ ಕೂತು ನೀರು ಕುಡಿದು ಏಳಲಿ.

ವಾರಕ್ಕೆ ಮೂರು ದಿನ, 10 ನಿಮಿಷದಿಂದ ಶುರು, ವಾರಕ್ಕೆ ಎರಡು ಮೂರು ನಿಮಿಷ ಏರಿಸುತ್ತ ಎರಡು ಮೂರು ತಿಂಗಳಲ್ಲಿ ಅರ್ಧ ಗಂಟೆಗೆ ತನ್ನಿ. ಮಾತಾಡಬಹುದು, ಹಾಡಲು ಉಸಿರು ಸಾಲದು ಎಂಬಷ್ಟು ಶ್ರಮ ಸಾಕು. ಅದು ಒಗ್ಗಿದ ಮೇಲೆ ನಡಿಗೆ. ಮೊದಲ ಎರಡು ಮೂರು ವಾರ ಸುಸ್ತು ಹೆಚ್ಚೆನಿಸುವುದು ಸಹಜ, ಬಹಳ ಜನ ಕೈಬಿಡುವುದು ಅಲ್ಲೇ. ಆದರೆ ವ್ಯಾಯಾಮ ಮಾಡಿದ ಮರುದಿನ, ಅದರ ಮರುದಿನ ಹಾಸಿಗೆಯಿಂದ ಏಳಲಾಗದಷ್ಟು ಕುಸಿದರೆ ಅದು ಬೇರೆ ವಿಷಯ. ವೈರಸ್ ಜ್ವರದ ನಂತರ ಕೆಲವರಲ್ಲಿ ಹಾಗಾಗುತ್ತದೆ. ಅಂಥವರಲ್ಲಿ ಹಟ ಹಿಡಿದು ಏರಿಸಿದರೆ ಹಾನಿ. ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ವೈದ್ಯರಿಗೆ ತಿಳಿಸಿ.

ಮಾತ್ರೆಗಳು ಇವೆ, ಆದರೆ ಪಾಟ್ಸ್‌ಗೆಂದೇ ತಯಾರಾದದ್ದು ಒಂದೂ ಇಲ್ಲ. ಮೇಲಿನದ್ದನ್ನೆಲ್ಲ ಕೆಲವು ವಾರ ಸರಿಯಾಗಿ ಮಾಡಿಯೂ ಕಾಲೇಜಿಗೆ ಹೋಗಲಾಗದಿದ್ದರೆ ಯೋಚಿಸಬೇಕು. ನಿಮಗೆ ಪರಿಚಯದವರು ಹೇಳಿದ್ದು ಪ್ರೊಪ್ರನೊಲಾಲ್ ಇರಬಹುದು. 10–20 ಮಿಲಿಗ್ರಾಂನಂಥ ಸಣ್ಣ ಪ್ರಮಾಣ ಕೆಲವರಿಗೆ ಚೆನ್ನಾಗಿ ಹಿಡಿಸುತ್ತದೆ, ಹೆಚ್ಚಿದರೆ ಸುಸ್ತು ಇಮ್ಮಡಿ. ಉಬ್ಬಸ ಇದ್ದವರಿಗೆ ಅಪಾಯ. ಐವಬ್ರಡಿನ್ ಬಿಪಿ ಇಳಿಸದೆ ಬಡಿತ ಇಳಿಸುತ್ತದೆ, ಕಣ್ಣಿನಲ್ಲಿ ಬೆಳಕಿನ ಮಿಂಚು ಕಾಣಿಸಬಹುದು. ಗರ್ಭಿಣಿಯರಿಗೆ ಸಲ್ಲದು, ಕೆಲವು ಆಂಟಿಬಯಾಟಿಕ್‌ಗಳ ಜೊತೆಗೂ ಕೂಡದು. ರಕ್ತನಾಳ ಬಿಗಿಸುವ ಮಿಡೊಡ್ರಿನ್ ಹಗಲು ಮಾತ್ರ. ತಗೊಂಡ ನಾಲ್ಕು ಗಂಟೆಯೊಳಗೆ ಮಲಗಿದರೆ ಬಿಪಿ ಏರುತ್ತದೆ. ತಲೆಬುರುಡೆಯಲ್ಲಿ ಜುಮುಜುಮು ಅನಿಸುವುದು ಅದರ ಗುಣ. ಉಪ್ಪನ್ನು ಹಿಡಿದಿಡುವ ಫ್ಲುಡ್ರೊಕಾರ್ಟಿಸೋನ್ ಕೊಟ್ಟರೆ ಪೊಟ್ಯಾಸಿಯಂ ಇಳಿಯುತ್ತದೆ, ರಕ್ತಪರೀಕ್ಷೆ ತಪ್ಪಿಸಬಾರದು. ಯಾವುದು ಯಾರಿಗೆ ಎಂಬುದು ಆ ನಿಂತ ಪರೀಕ್ಷೆಯ ಬಿಪಿ ಅಂಕಿಗಳ ಮೇಲೆ ನಿಂತಿದೆ. ಪರಿಚಯದವರ ಮಾತ್ರೆಯನ್ನು ಮುಟ್ಟಬೇಡಿ.

ಕಾಲೇಜಿಗೆ ವೈದ್ಯರಿಂದ ಒಂದು ಪತ್ರ ಬರೆಸಿಕೊಡಿ. ಅದರಲ್ಲಿ ನಾಲ್ಕು ವಿಷಯ ಸಾಕು: ಪ್ರಾರ್ಥನೆಗೆ ಕೂರಲು ಅನುಮತಿ, ಲ್ಯಾಬಿನಲ್ಲಿ ಸ್ಟೂಲು, ತರಗತಿಯಲ್ಲೂ ಪರೀಕ್ಷೆಯಲ್ಲೂ ನೀರಿನ ಬಾಟಲಿ, ತಲೆ ತಿರುಗಿದಾಗ ಮಲಗಲು ಜಾಗ. ಹಾಜರಿಗೆ 75 ಶೇಕಡಾ ಬೇಕಾದ್ದರಿಂದ ರಜೆಯ ವೈದ್ಯಕೀಯ ಪತ್ರಗಳನ್ನು ಆಗಾಗಲೇ ಕೊಟ್ಟುಬಿಡಿ, ಕೊನೆಗೆ ಒಟ್ಟಿಗೆ ಕೊಟ್ಟರೆ ತಕರಾರು. ಬಸ್ಸಿನಲ್ಲಿ ಕೂರುವಂತೆ ರಶ್ ಇಲ್ಲದ ಟ್ರಿಪ್ಪಿಗೆ ಅರ್ಧ ಗಂಟೆ ಮೊದಲೇ ಹೊರಡಲಿ. ಮೂರ್ಛೆಯ ಭಯ ತಪ್ಪುವವರೆಗೆ ಸ್ಕೂಟರ್ ಕೊಡಬೇಡಿ.

ಎಷ್ಟು ದಿನ ಎಂದು ನೀವು ಕೇಳದಿದ್ದರೂ ಮನಸ್ಸಿನಲ್ಲಿ ಅದೇ ಇರುತ್ತದೆ. ವಾರಗಳ ಲೆಕ್ಕವಲ್ಲ, ತಿಂಗಳುಗಳದ್ದು, ಕೆಲವರಿಗೆ ವರ್ಷಗಳದ್ದು. ಹರೆಯದಲ್ಲಿ ಶುರುವಾದವರಲ್ಲಿ ಬಹಳ ಮಂದಿ ಕ್ರಮೇಣ ಸುಧಾರಿಸಿ ಓದು, ಕೆಲಸ ಮುಂದುವರಿಸುತ್ತಾರೆ. ಕೆಲವರಿಗೆ ಸೆಕೆಗಾಲದಲ್ಲಿ, ಜ್ವರ ಬಂದಾಗ ಮತ್ತೆ ತಲೆಯೆತ್ತುತ್ತದೆ. ಉಪ್ಪು ಹೆಚ್ಚಿಸಿದ ಎರಡು ವಾರಕ್ಕೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮಲಗಿ, ನಿಂತು ಬಿಪಿ ನೋಡಿ. ಸಿಇಟಿಯ ದಿನ ಹೊಸದೇನನ್ನೂ ಪ್ರಯತ್ನಿಸಬೇಡಿ. ಬಾಟಲಿ, ಬೆಲ್ಟು, ಸಣ್ಣ ತಿಂಡಿ, ಕುಳಿತಲ್ಲೇ ಪಾದ ಆಡಿಸುವುದು, ಇವನ್ನೆಲ್ಲ ಪ್ರಿಪರೇಟರಿ ಪರೀಕ್ಷೆಯಲ್ಲೇ ಅಭ್ಯಾಸ ಮಾಡಿಸಿ. ಪರೀಕ್ಷಾ ಕೇಂದ್ರದಲ್ಲಿ ಬಾಟಲಿ ಒಳಗೆ ಬಿಡುತ್ತಾರೋ ಎಂದು ಹಾಲ್ ಟಿಕೆಟ್ ಬಂದ ಕೂಡಲೇ ವೈದ್ಯರ ಪತ್ರ ಹಿಡಿದುಕೊಂಡು ಹೋಗಿ ಕೇಳಿಕೊಂಡು ಬನ್ನಿ.